ಟೂರಿಂಗ್ ಗಾಡಿಗೆ ಪಂಢರಪುರ ಎಷ್ಟು ದೂರ

ವೇಗದ ವಿಷಯದಲ್ಲಿ ಮಾತನಾಡುವ ಯೋಗ್ಯತೆ ನನಗಿಲ್ಲ. ಮಹಾಲಿಂಗಪುರದಲ್ಲಿ ಹಳೆಯ ಟ್ರ್ಯಾಕ್ಟರುಗಳನ್ನು ಕೊಂಡು ಮಾರಿ ಮನೆ ಕಟ್ಟಿಸಿದವನು ನಾನು. ನನ್ನ ಕೈ ದಾಟಿ ಹೋದ ಎಷ್ಟೋ ಗಾಡಿಗಳನ್ನು ಕಬ್ಬಿನ ಬಂಡಿಯ ಎತ್ತುಗಳೇ ಹಿಂದೆ ಹಾಕಿವೆ. ಆದರೂ ಸಲಹೆ ಕೊಡಲು ಯೋಗ್ಯತೆ ಬೇಕೆಂದು ಯಾರೂ ಹೇಳಿಲ್ಲವಲ್ಲ. ನಾನು ಪುಕ್ಕಟೆ ಕೊಡುವುದು ಅದೊಂದನ್ನೇ.

ನಮ್ಮ ಅಕ್ಕನ ಮಗಳು ಸುನಂದಾ ಮೊದಲು ಸ್ಟೇರಿಂಗ್ ಹಿಡಿದದ್ದು ನನ್ನ ಜೀಪಿನಲ್ಲಿ, ಬೀಳಗಿಯ ಆಚೆ, ಹಿನ್ನೀರಿಗೆ ಊರು ಬಿಟ್ಟವರಿಗಾಗಿ ಮಾಡಿದ ಪುನರ್ವಸತಿ ಕೇಂದ್ರದಲ್ಲಿ. ಅಲ್ಲಿ ಆಗ ರಸ್ತೆಗಳು ಬಂದಿದ್ದವು, ಮನೆಗಳು ಬಂದಿರಲಿಲ್ಲ. ಬೇಕಾದಷ್ಟು ತಿರುವು, ಗುದ್ದಲು ಒಂದು ಕಟ್ಟೆಯೂ ಇಲ್ಲ. ಮುಂದೆ ಕೊಲ್ಲಾಪುರದ ರೇಸ್ ಟ್ರ್ಯಾಕಿನಲ್ಲಿ ಅವಳು ಓಡಿಸತೊಡಗಿದ ಕಾರ್ಟ್ ಎಂಬುದನ್ನು ನೋಡಿ ನನ್ನೊಳಗಿನ ವ್ಯಾಪಾರಿಗೆ ಸಂಕಟವಾಯಿತು. ನಾಲ್ಕು ಪುಟ್ಟ ಗಾಲಿ, ನೆಲಕ್ಕೆ ಅಂಟಿದ ಕುರ್ಚಿ, ಪಕ್ಕಕ್ಕೊಂದು ಎಂಜಿನ್. ಬಾಗಿಲಿಲ್ಲ, ಮೇಲೆ ಟಾಪಿಲ್ಲ. ಅಭ್ಯಾಸಬಲದಿಂದ ಟಾಯರ್ ಒದ್ದು ನೋಡಿದೆ. “ಅರ್ಧಾ ಗಾಡಿ ಇಲ್ಲೈತಿ, ಇನ್ನರ್ಧಾ ಯಾವಾಗ ಬರ್ತೈತ್ರಿ?” ಎಂದು ಟ್ರ್ಯಾಕಿನವನನ್ನು ಕೇಳಿಯೂ ಬಿಟ್ಟೆ. ಆ ಅರ್ಧ ಗಾಡಿಯಲ್ಲೇ ಅವಳು ಗಂಡುಹುಡುಗರನ್ನು ಒಬ್ಬೊಬ್ಬರಾಗಿ ಹಿಂದೆ ಹಾಕಿದಳು. ಗೆದ್ದ ಕಪ್ಪುಗಳು ಅಕ್ಕನ ಟಿವಿಯ ಮೇಲೆ ಜಾಗ ಸಾಲದೆ ಫ್ರಿಜ್ಜಿನ ಮೇಲೇರಿದವು.

ಇನ್ನರ್ಧ ಗಾಡಿಯೂ ಬಂತು. ಕೊಯಮತ್ತೂರಿನ ಒಂದು ತಂಡ ಅವಳನ್ನು ಟೂರಿಂಗ್ ಕಾರ್ ಪಂದ್ಯಕ್ಕೆ ಕರೆಯಿತು. ಹೊರಗಿನಿಂದ ಅದು ನಮ್ಮ ನಿಮ್ಮ ಕಾರಿನಂತೆಯೇ. ಒಳಗೆಲ್ಲ ಬಿಚ್ಚಿ ರೇಸಿಗೆ ಸಜ್ಜು ಮಾಡಿರುತ್ತಾರೆ. ಆದರೆ ನಮ್ಮ ಓಣಿಯಲ್ಲಿ ಟೂರಿಂಗ್ ಗಾಡಿ ಎಂದರೆ ಹಳದಿ ಬೋರ್ಡಿನ ಬಾಡಿಗೆ ಕಾರು. ಅಕ್ಕ ಹೆಮ್ಮೆಯಿಂದ ಸುದ್ದಿ ಹೇಳಿ ಬಂದ ಸಂಜೆಯೇ ಎದುರುಮನೆಯ ಗಂಗವ್ವಾಯಿ ಎಲಿಅಡಿಕಿ ಚೀಲದೊಂದಿಗೆ ಬಂದು ಕೂತು, ಪಂಢರಪುರಕ್ಕೆ ಗಾಡಿ ಹೇಳಿಟ್ಟಳು. “ನಮ್ಮ ಹುಡುಗಿ ಗಾಡಿ ಹೊಡಿಯುವಾಗ ಮಂದಿ ಗಾಡಿ ಯಾಕ ಬೇಕವಾ?”

ಅಕ್ಕನ ಹುರುಪು ಅಲ್ಲಿಗೆ ಇಳಿಯಿತು. ತಂಡದಲ್ಲಿದ್ದದ್ದೋ ಒಂದೇ ಸೀಟು. ಆಸೆಪಟ್ಟವರು ಇಬ್ಬರು, ಸುನಂದಾ ಮತ್ತು ಪುಣೆಯ ಒಬ್ಬ ಹುಡುಗ. ಒಂದು ಪಂದ್ಯದಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರಿಗೆ ವರ್ಷವಿಡೀ ಗಾಡಿ. ಅಕ್ಕನೂ ತನ್ನದೊಂದು ಷರತ್ತು ಹಾಕಿದಳು: ಸೀಟು ಸಿಗದಿದ್ದರೆ ಹೆಲ್ಮೆಟ್ಟು ಅಟ್ಟಕ್ಕೆ, ಹುಡುಗಿ ಜಮಖಂಡಿಯಲ್ಲಿ ಬಿ.ಎಡ್‌ಗೆ.

ಪಂದ್ಯದ ಹಿಂದಿನ ದಿನ ನಾನು ಕೊಟ್ಟ ಸಲಹೆಯನ್ನು ನಿಮಗೂ ಕೊಡುತ್ತೇನೆ, ಇಟ್ಟುಕೊಳ್ಳಿ. ಸಂತೆಯಲ್ಲಿ ವ್ಯಾಪಾರ ಬಿಗಿದುಕೊಂಡಾಗ ದರ ಏರಿಸಬೇಡಿ, ದನಿಯನ್ನಂತೂ ಏರಿಸಲೇಬೇಡಿ. ಟವೆಲ್ ಕೊಡವಿ ಎದ್ದು ಹೊರಟಂತೆ ಮಾಡಿ. ತಿರುಗಿ ನೋಡಬಾರದು. ಹಿಂದಿನಿಂದ ಕರೆ ಬಂದೇ ಬರುತ್ತದೆ.

“ಮಾಮಾ, ಅಲ್ಲಿ ಎದ್ದು ಹೊಂಟ್ರ ಹೊಂಟಂಗ. ಯಾರೂ ಕರಿಯಂಗಿಲ್ಲ” ಎಂದಳು ಸುನಂದಾ.

ಕೊನೆಯ ಸುತ್ತಿನವರೆಗೂ ಪುಣೆಯ ಹುಡುಗನೇ ಮುಂದೆ, ಇವಳು ಅವನ ಬಾಲಕ್ಕೆ ಅಂಟಿಕೊಂಡು. ಗ್ಯಾಲರಿಯಲ್ಲಿ ಅಕ್ಕ ಕಣ್ಣು ಮುಚ್ಚಿ ನನ್ನ ಮುಂಗೈ ಹಿಂಡುತ್ತಿದ್ದಳು. ತಿರುವು ಬಂತು. ಸುನಂದಾ ಒಳಗಿನ ದಾರಿಯ ಆಸೆ ಬಿಟ್ಟವಳಂತೆ ಗಾಡಿಯನ್ನು ಹೊರಗೆ ಎಳೆದಳು. ತಡೆಯಲೆಂದು ಹುಡುಗನೂ ಹೊರಗೆ ಸರಿದ. ಒಳಗೆ ಒಂದು ಗಾಡಿಯಷ್ಟು ಜಾಗ ತೆರೆಯಿತು. ಅವಳಿಗೆ ಬೇಕಾದದ್ದೂ ಅಷ್ಟೇ.

ಹೆಲ್ಮೆಟ್ ತೆಗೆದವಳು ನೇರ ನನ್ನ ಹತ್ತಿರ ಬಂದು, “ಅಂವ ಕರದ ನೋಡ, ಮಾಮಾ” ಎಂದಳು.

ಗಂಗವ್ವಾಯಿ ತಾನು ಹೇಳಿಟ್ಟ ಗಾಡಿಯನ್ನು ಮರೆತಿರಲಿಲ್ಲ. ಊರಿಗೆ ಬಂದ ವಾರವೇ ಸುನಂದಾ ನನ್ನ ಜೀಪಿನಲ್ಲಿ ನಮ್ಮೆಲ್ಲರನ್ನೂ ಹತ್ತಿಸಿಕೊಂಡು ಪಂಢರಪುರಕ್ಕೆ ಹೊರಟಳು. ಕಬ್ಬಿನ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು, ಒಂದೊಂದು ಗುಂಡಿಯನ್ನೂ ಮುದುಕಿಯ ಸೊಂಟ ನೆನೆದು ಇಳಿಸಿ ಹತ್ತಿಸಿ ಹೊಡೆಯುತ್ತಿದ್ದಳು. ಅವಸರದ ಗಂಟನ್ನು ಯಾವ ಸಂತೆಯಲ್ಲಿ ಬಿಚ್ಚಬೇಕೆಂದು ಬಲ್ಲವರು ಅದನ್ನು ದಾರಿಯಲ್ಲಿ ಹರವುವುದಿಲ್ಲ. ಇದನ್ನೇ ಎಲ್ಲರಿಗೂ ತಿಳಿಸಿ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಎತ್ತಿನ ಬಂಡಿ ಗೆಜ್ಜೆ ಕುಣಿಸುತ್ತ ನಮ್ಮನ್ನು ದಾಟಿ ಹೋಯಿತು.

ಗಂಗವ್ವಾಯಿ ಮುಂದೆ ಬಾಗಿ ಕೇಳಿದಳು: “ಯವ್ವಾ, ಹಿಂಗ ಹೊಡಿಯಾಕಿಗೆ ಟೂರಿಂಗ್ ಗಾಡಿ ಯಾರ ಕೊಟ್ರು?”