ಹೊಟ್ಟೆಯೊಳಗಿನ ಹಲ್ಲು

ನನ್ನ ಮಾವ ಎತ್ತು ಕೊಳ್ಳುವಾಗ ಮೊದಲು ಹಲ್ಲು ನೋಡುತ್ತಿದ್ದರು, ಆಮೇಲೆ ಸುಳಿ, ಕೊನೆಗೆ ಮಾರುವವನ ಮುಖ. ಟಿಕೋಟದ ಈ ಮುದುಕ ಬರುತ್ತಿದ್ದಾನೆ ಎಂದರೆ ಮಮದಾಪುರದ ಸಂತೆಯ ದನಗಾರರು ವಯಸ್ಸಾದ ಎತ್ತುಗಳನ್ನು ಹಿಂದಕ್ಕೆ ಕಟ್ಟುತ್ತಿದ್ದರಂತೆ. ಅಂಥವರು ಯುದ್ಧ ಮುಗಿದ ಮರುವರ್ಷ ಕಾರು ಕೊಳ್ಳಲು ಹೊರಟರು. ಕಾರಣ ದೊಡ್ಡದೇನಲ್ಲ. ನನ್ನ ನಾದಿನಿಯನ್ನು ಕೊಟ್ಟಿದ್ದ ಬಬಲೇಶ್ವರದ ಬೀಗರು ಹೊಸ ಕುದುರೆ ಟಾಂಗಾ ತಂದಿದ್ದರು. ಅದನ್ನು ಕಂಡು ಬಂದ ದಿನದಿಂದ ಮಾವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಕಾರು ತಂದವನು ನನ್ನ ಅಣ್ಣ. ವಿಜಾಪುರದಲ್ಲಿ ಅವನದು ಮೋಟಾರು ರಿಪೇರಿಯ ಶೆಡ್ಡು. ತನ್ನ ದೇಶಕ್ಕೆ ಹೊರಟುನಿಂತಿದ್ದ ಒಬ್ಬ ಬಿಳಿಯ ಸಾಹೇಬನಿಂದ ಅದನ್ನು ಕೊಂಡಿದ್ದ. ಮುಖ ನೋಡಿಕೊಳ್ಳಬಹುದಾದಂಥ ಕರಿ ಹೊಳಪು, ಒಳಗೆ ಚರ್ಮದ ಗಾದಿ, ಕಿಟಕಿಗೆ ರೇಷ್ಮೆಯ ಪರದೆ. ನಮ್ಮ ಓಣಿಯ ಹೆಂಗಸರು ರೊಟ್ಟಿ ಹಂಚಿನ ಮೇಲೆ ಬಿಟ್ಟು ಓಡಿಬಂದಿದ್ದರು.

ನಾನಾಗ ಮದುವೆಯಾಗಿ ಎರಡು ವರ್ಷದ ಸೊಸೆ. ಮಾವನ ಎದುರು ಒಂದು ಮಾತು ಆಡಿದವಳಲ್ಲ. ಹೇಳಬೇಕಾದ್ದನ್ನು ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ನಡುವೆ ಅರ್ಧ ಮಾತನ್ನು ಅತ್ತೆಯೇ ನುಂಗುತ್ತಿದ್ದರು, ಆ ಮಾತು ಬೇರೆ. ತಂದೆತಾಯಿ ಇಲ್ಲದ ನನಗೆ ತವರು ಎಂದರೆ ಆ ಅಣ್ಣನೊಬ್ಬನೇ. ಅವನು ಕರೆಯಲು ಬಂದರೆ ನನಗೆ ನಾಗರಪಂಚಮಿ, ತವರಿನ ಜೋಕಾಲಿ; ಬರದಿದ್ದರೆ ಇಲ್ಲ. ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು. ಕಾರಿನಿಂದ ಇಳಿದವನೇ, "ತಂಗಿ, ಈ ಸಲ ಪಂಚಮಿಗೆ ನಿಮ್ಮ ಸ್ವಂತ ಕಾರಿನ್ಯಾಗ ಬರ್ತೀಯವಾ" ಎಂದ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾವ ಕಾರನ್ನು ಮೂರು ಸುತ್ತು ಸುತ್ತಿದರು. ಬೆನ್ನು ತಟ್ಟಿದರು. ಕೋಡು ಹಿಡಿದು ಅಲುಗಿಸುವ ಹಾಗೆ ಮುಂದಿನ ದೀಪಗಳನ್ನು ಅಲುಗಿಸಿದರು. ನಮ್ಮ ಮನೆಯವರು ತಂದೆಯ ಹಿಂದೆ ಕೈಕಟ್ಟಿ ನಿಂತಿದ್ದರು. ಅವರು ಹುಟ್ಟಿದ್ದೇ ಹಾಗೆ.

"ಹಲ್ಲು ಎಷ್ಟು ಬಂದಾವು ಇದಕ್ಕ?" ಎಂದರು ಮಾವ.

ಅಣ್ಣ ನಕ್ಕ. "ಇದರ ಹಲ್ಲು ಹೊಟ್ಟ್ಯಾಗ ಇರ್ತಾವ್ರಿ ಮಾವಾರ. ಗೇರಿನ ಡಬ್ಬಿ ಅಂತ ಇರತೈತಿ. ಒಂದರ ಹಲ್ಲಿನ್ಯಾಗ ಒಂದು ಕೂಡಿ ಗಾಲಿ ತಿರಗ್ತಾವು."

"ಹಂಗಾರ ಹೊಟ್ಟಿ ತೋರಿಸು."

"ಅದನ್ನೇನು ನೋಡ್ತೀರಿ ಬಿಡ್ರಿ, ಬರೇ ಗ್ರೀಸ್ ಇರತೈತಿ."

"ಹಲ್ಲು ನೋಡದ ನಾ ಒಂದು ಕರಾನೂ ತಗೊಂಡಾವಲ್ಲೋ."

ಕೌದಿ ಹಾಸಿಸಿಕೊಂಡು, ಅರವತ್ತು ದಾಟಿದ ಮಾವ ಅಂಗಾತ ಮಲಗಿ ಕಾರಿನ ಕೆಳಗೆ ತೂರಿದರು. ಅಣ್ಣನೂ ಬೇರೆ ದಾರಿಯಿಲ್ಲದೆ ತೂರಿದ. ಹೊರಗೆ ನಾಲ್ಕು ಪಾದ ಮಾತ್ರ ಕಾಣುತ್ತಿದ್ದವು. "ನಿಮ್ಮ ಮಾವಗ ಹುಚ್ಚು ಹಿಡದೈತಿ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಅಣ್ಣ ಡಬ್ಬಿಯ ಬಿರಡೆ ಬಿಚ್ಚಿರಬೇಕು. ಸ್ವಲ್ಪ ಹೊತ್ತಿಗೆ ಮಾವ ಹೊರಗೆ ಬಂದು ಎದ್ದುನಿಂತರು. ಕರಿ ಗ್ರೀಸು ಮೆತ್ತಿದ ಎರಡು ಬೆರಳನ್ನು ತಿಕ್ಕಿ ನೋಡಿ, ಮೂಸಿ, ಬೆಳ್ಳಗಿನ ಧೋತರಕ್ಕೆ ಒರೆಸಿಕೊಂಡರು. "ಬರೋಬ್ಬರಿ ಐತಿ" ಎಂದರು.

ಮಾವ ಬೇರೆ ಧೋತರ ಉಟ್ಟುಕೊಂಡ ಮೇಲೆ, ಬಬಲೇಶ್ವರದ ತನಕ ಓಡಿಸಿ ನೋಡಲು ಗಂಡಸರು ಮೂವರೂ ಹೊರಟರು. ಹೊರಡುವಾಗ ಮಾವ ಅತ್ತೆಗೆ ಹೇಳಿದರು: "ಈ ಧೋತ್ರ ಆಳಿಗೆ ಹಾಕಬ್ಯಾಡ. ಸೊಸಿ ಕಡೆ ಒಗಿಸು."

ಬಾವಿಯ ಹತ್ತಿರ ಕಲ್ಲಿನ ಮೇಲೆ ಸೀಮೆಎಣ್ಣೆ ಹಚ್ಚಿ ತಿಕ್ಕಿದೆ. ಗ್ರೀಸು ಕರಗಿ ಹರಿಯಿತು. ಕಲ್ಲಿನ ಮೇಲೆ ಏನೋ ಉಳಿಯಿತು, ರವೆಯಷ್ಟು ಸಣ್ಣ ಕಂದು ಚೂರುಗಳು. ಉಗುರಿನಿಂದ ಒತ್ತಿದೆ, ಮೆತ್ತಗಿದ್ದವು. ಕಟ್ಟಿಗೆಯ ಹೊಟ್ಟು.

ಗ್ರೀಸಿನಲ್ಲಿ ಗರಗಸದ ಹೊಟ್ಟು ಎಲ್ಲಿಂದ ಬಂತು? ಬೇರೆ ಯಾರಿಗಾದರೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು, ಅದೇ ನನ್ನ ಕರ್ಮ. ಮದುವೆಗೆ ಮುಂಚೆ ಒಂದು ದಿನ ಊಟಕ್ಕೆ ಕುಳಿತಾಗ ಅಣ್ಣನೇ ಹೇಳಿದ್ದ. ಗೇರಿನ ಹಲ್ಲು ಸವೆದು ಗರಗರ ಎನ್ನತೊಡಗಿದರೆ ಲಬಾಡ ಮಂದಿ ಗಟ್ಟಿ ಗ್ರೀಸಿನಲ್ಲಿ ಕಟ್ಟಿಗೆಯ ಹೊಟ್ಟು ಕಲಸಿ ತುಂಬುತ್ತಾರೆ, ಎಂಟು ದಿನ ಗಾಡಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡುತ್ತದೆ, ಆಮೇಲೆ ಕೊಂಡವನ ಹಣೆಬರಹ. ಬಿದ್ದು ಬಿದ್ದು ನಕ್ಕಿದ್ದ. ರೊಟ್ಟಿ ಬಡಿಸುತ್ತ ನಾನೂ ನಕ್ಕಿದ್ದೆ. ಅವನ ಶೆಡ್ಡಿನ ಪಕ್ಕದಲ್ಲೇ ಬಡಿಗನ ಮನೆ.

ಒದ್ದೆ ಧೋತರ ಹಿಡಿದು ಎಷ್ಟು ಹೊತ್ತು ಕುಳಿತೆನೋ. ಊರ ಮಂದಿಗೆಲ್ಲ ಟೋಪಿ ಹಾಕಲಿ, ನನ್ನನ್ನು ಕೊಟ್ಟ ಮನೆಗೂ ಹಾಕುವುದೇ? ಹೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಎಂಟು ದಿನಕ್ಕೆ ಹಲ್ಲು ಬಾಯಿಬಿಡುತ್ತವೆ, ಆಮೇಲೆ ಈ ಮನೆಯಲ್ಲಿ ಬಾಳಿನುದ್ದಕ್ಕೂ ನಾನು ಠಕ್ಕನ ತಂಗಿ. ಕಲ್ಲಿನ ಮೇಲಿನ ಹೊಟ್ಟನ್ನು ತೊಳೆದುಬಿಡಲೆಂದು ಕೊಡ ಎತ್ತಿದೆ. ಮತ್ತೆ ಇಳಿಸಿದೆ. ಅದನ್ನು ಬಳಿದು ಸೆರಗಿನ ಚುಂಗಿಗೆ ಕಟ್ಟಿಕೊಂಡೆ.

ಮೂರರ ಹೊತ್ತಿಗೆ ಮರಳಿದರು. ಕಾರು ಸದ್ದೇ ಮಾಡಲಿಲ್ಲವಂತೆ, ಬೀಗರ ಕುದುರೆ ಬೆದರಿತಂತೆ, ನಮ್ಮ ಮನೆಯವರ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಪಡಸಾಲೆಯಲ್ಲಿ ವ್ಯವಹಾರಕ್ಕೆ ಕುಳಿತರು. ದನದ ಪೇಟೆಯ ಪದ್ಧತಿಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿ ಹರಡಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸುತ್ತಾರೆ. ಬೆರಳು ಹಿಡಿದ ಮೇಲೆ ಹಿಂದೆ ಸರಿದವನಿಗೆ ಮಾನವಿಲ್ಲ. ಮಾವ ವಲ್ಲಿ ಹರಡಿದರು. ಅಣ್ಣನ ಕೈ ಒಳಗೆ ಹೋಯಿತು.

"ಮಾವಾರ, ಬೆರಳು ಹಿಡೀಬ್ಯಾಡ್ರಿ."

ಆ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ನಾನು ಬಾಗಿಲು ದಾಟಿ ಪಡಸಾಲೆಯಲ್ಲಿ ನಿಂತಿದ್ದೆ. ಸೆರಗಿನ ಗಂಟು ಬಿಚ್ಚಿ ವಲ್ಲಿಯ ಮೇಲೆ ಸುರಿದೆ. "ಹಲ್ಲು ಸವೆದಾವ್ರಿ. ಹೊಟ್ಟು ತುಂಬ್ಯಾರ."

ಅಣ್ಣ ಇಲ್ಲವೆನ್ನಲಿಲ್ಲ. ಇಲ್ಲ ಎಂದು ಕೂಗಾಡಿದ್ದರೆ ಎಷ್ಟೋ ಚಲೋ ಇತ್ತು. ಕೈಯನ್ನು ವಲ್ಲಿಯ ಕೆಳಗಿನಿಂದ ಮೆಲ್ಲಗೆ ತೆಗೆದ. "ಉಂಡ ಮನೀ ಮಾತು ಹೊರಗ ಹಾಕಿದ್ಯಲ್ಲ ತಂಗಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಕಾರು ಹತ್ತಿದ. ವಿಜಾಪುರದ ದಾರಿಯಲ್ಲಿ ಇಟ್ಟಂಗಿಹಾಳ ದಾಟುವ ಮುಂಚೆಯೇ ಕಾರು ಗರಗರ ಎನ್ನತೊಡಗಿತೆಂದು ಸಂತೆಗೆ ಹೋಗಿದ್ದವರು ಆಮೇಲೆ ಹೇಳಿದರು.

ಮಾವ ವಲ್ಲಿ ಝಾಡಿಸಿ ಹೆಗಲಿಗೆ ಹಾಕಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ.

"ಬೆರಳಿಗೆ ಹತ್ತಿದ ಕೂಡ್ಲೇ ನನಗ ತಿಳದಿತ್ತವಾ. ಹಿಂಡಿಗೆ ಹೊಟ್ಟು ಬೆರಸಿದ್ದನ್ನ ಕಣ್ಣ ಮುಚ್ಚಿ ಹೇಳೂ ಕೈ ಇದು."

"ಮತ್ತ ಬಬಲೇಶ್ವರಕ್ಕ ಯಾಕ ಹೋದ್ರಿ?" ಎಂದರು ಅತ್ತೆ.

"ಬೀಗರು ಒಂದ್ಸಲ ನೋಡ್ಲಿ ಅಂತ." ಆಮೇಲೆ ನನ್ನ ಕಡೆ ತಿರುಗಿದರು. "ಧೋತ್ರ ನಿನಗ ಒಗಿಯಾಕ ಹಾಕ್ಸಿದ್ದು ಬೇಕಂತನ. ರಿಪೇರಿಯವನ ತಂಗಿ, ಹೊಟ್ಟು ಕಂಡ್ರ ನಿನಗ ತಿಳೀತೈತಿ. ನೀ ಯಾವ ಮನ್ಯಾಕಿ ಅಂತ ನೋಡಬೇಕಾಗಿತ್ತು. ಶ್ಯಾಣ್ಯಾಕಿ ಅದೀ."

ಹೊಟ್ಟು ಕಂಡಾಗ ಆದ ಸಂಕಟ ಇದರ ಮುಂದೆ ಏನೂ ಅಲ್ಲ. ಅವರು ಹೇಗಿದ್ದರೂ ಆ ಕಾರು ಕೊಳ್ಳುತ್ತಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಈ ಮನೆಗೆ ಏನೂ ಕೆಡುತ್ತಿರಲಿಲ್ಲ, ಅಣ್ಣನೂ ನನಗೆ ಉಳಿಯುತ್ತಿದ್ದ.

"ಎತ್ತಿನ ಹಲ್ಲು ನೋಡಿದ್ರಿ, ಕಾರಿನ ಹಲ್ಲು ನೋಡಿದ್ರಿ, ಈಗ ನನ್ನ ಹಲ್ಲೂ ಎಣಿಸಿದ್ರೇನ್ರಿ ಮಾವಾರ?" ಎಂದೆ. ಅತ್ತೆ ನನ್ನನ್ನು ತೋಳು ಹಿಡಿದು ಒಳಗೆ ಎಳೆದರು.

ಪಂಚಮಿಗೆ ಓಣಿಯ ಸೊಸೆಯರನ್ನೆಲ್ಲ ಅವರವರ ಅಣ್ಣಂದಿರು ಬಂದು ಕರೆದುಕೊಂಡು ಹೋದರು. ನಾನು ಮೂರು ದಿನ ಬಾಗಿಲಿಗೆ ಬಂದು ವಿಜಾಪುರದ ದಾರಿ ನೋಡಿದೆ. ನಾಲ್ಕನೆಯ ದಿನ ಮಾವ ತಾವೇ ಹಗ್ಗ ತಂದು ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಗಟ್ಟಿ ಇದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿ, "ಕೂಡವಾ" ಎಂದರು.

ನಾನು ಕೂಡಲಿಲ್ಲ.