ಅನಾಮಿಕ ಒಡೆದ ತೆಂಗಿನಕಾಯಿಗಳು

ವನಜೇಚ್ಚಿಯ ಬಗ್ಗೆ ಬರೆಯಲು ಕೂತರೆ ಮೊದಲು ನನ್ನ ಕೆನ್ನೆಗೆ ನಾನೇ ಎರಡು ಬಿಗಿದುಕೊಳ್ಳಬೇಕು ಅನ್ನಿಸುತ್ತದೆ. ಬಿಗಿದುಕೊಂಡರೆ ಹೋದದ್ದು ಬರುವುದಿಲ್ಲ ಎಂಬುದೂ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ಕೇರಳದ ತಳಿಪರಂಬದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ನಮ್ಮೂರು. ಇಲ್ಲಿನ ನೇಕಾರರ ಸಂಘದಲ್ಲಿ ಮೂವತ್ತೊಂದು ವರ್ಷ ಮಗ್ಗದ ಮುಂದೆ ಕೂತವಳು ವನಜೇಚ್ಚಿ; ಚೇಚ್ಚಿ ಅಂದರೆ ನಮ್ಮಲ್ಲಿ ಅಕ್ಕ. ಓದಿದ್ದು ಎಂಟನೇ ಕ್ಲಾಸು. ಗಂಡ ಪವಿತ್ರೇಟ್ಟ ಶಾರ್ಜಾದ ಹೋಟೆಲೊಂದರಲ್ಲಿ ಅಡುಗೆಯವರು. ಮದುವೆಯಾದ ಮೂವತ್ತನೇ ದಿನ ವಿಮಾನ ಹತ್ತಿದವರು, ಆಮೇಲೆ ಎರಡು ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುತ್ತಿದ್ದರು. ಮಕ್ಕಳಾಗಲಿಲ್ಲ. "ಮಕ್ಕಳಾಗೋಕೆ ಗಂಡ ಊರಲ್ಲಾದ್ರೂ ಇರ್ಬೇಕಲ್ಲೇ ಶ್ಯಾಮಳಾ," ಎಂದು ನನಗೆ ಹೇಳಿ ಅವಳೇ ನಗುತ್ತಿದ್ದಳು. ಕೇಳಿದವರಿಗೆ ನಗು ಬರುತ್ತಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ನಮ್ಮ ವಾಚನಾಲಯಕ್ಕೆ ಎರಡು ಕಂಪ್ಯೂಟರ್ ಬಂದವು. ಗಣಿತ ಕಲಿಸುವವಳಿಗೆ ಕಂಪ್ಯೂಟರೂ ಬಂದೇ ಬರುತ್ತದೆ ಎಂದು ಯಾವ ಪುಣ್ಯಾತ್ಮ ತೀರ್ಮಾನ ಮಾಡಿದನೋ, ಹೆಂಗಸರಿಗೆ ಕಲಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. ಹದಿನಾಲ್ಕು ಜನ ಸೇರಿದರು. ಮೂರನೇ ವಾರಕ್ಕೆ ಉಳಿದವಳು ವನಜೇಚ್ಚಿ ಒಬ್ಬಳೇ. ಆಗ ನಮ್ಮವರಲ್ಲಿ ಬ್ಲಾಗಿನ ಹುಚ್ಚು ನೆತ್ತಿಗೇರಿದ್ದ ಕಾಲ. ನನಗೂ ಒಂದಿತ್ತು, ಅವಳಿಗೂ ಒಂದು ತೆರೆದುಕೊಟ್ಟೆ. 'ಕೋಲಾಯ' ಎಂದು ಹೆಸರಿಟ್ಟಳು, ಮನೆ ಮುಂದಿನ ಜಗಲಿಯ ಹೆಸರು. ಸಂಘದ ಜಗಳ, ಅತ್ತೆಯ ಮೊಂಡುತನ, ಬಣ್ಣ ಬಿಟ್ಟ ನೂಲು, ಕೆಟ್ಟುಹೋದ ಮೀನು ಸಾರು, ಇಂಥವೇ. ನಾವು ಓದಿದವರು ಸಾಹಿತ್ಯ ಬರೆಯಲು ತಿಣುಕುತ್ತಿದ್ದರೆ ಅವಳು ಮಾತಾಡಿದ ಹಾಗೆ ಬರೆದು ನಮ್ಮನ್ನೆಲ್ಲ ಹಿಂದೆ ಹಾಕಿದಳು. ನನಗೆ ಹೊಟ್ಟೆ ಉರಿಯಲಿಲ್ಲ ಅಂದರೆ ಅದು ಶುದ್ಧ ಸುಳ್ಳು.

ನಮ್ಮ ಬ್ಲಾಗಿನವರಲ್ಲಿ ಒಂದು ಪದ್ಧತಿಯಿತ್ತು. ಹೊಸ ಬರಹ ಬಂದೊಡನೆ ಮೊದಲು ಓದಿದವರು ಅದರ ಕೆಳಗೆ "ಠೇ!" ಎಂದು ಬರೆಯಬೇಕು. ಗಣಪತಿಯ ಮುಂದೆ ಈಡುಗಾಯಿ ಒಡೆದ ಸದ್ದು ಅದು. ಕಾಯಿ ಒಡೆಯಲು ಜಿದ್ದಾಜಿದ್ದಿ ನಡೆಯುತ್ತಿತ್ತು. ಕೋಲಾಯದಲ್ಲಿ ಮಾತ್ರ ಬೇರೆ ಯಾರಿಗೂ ಆ ಭಾಗ್ಯ ಸಿಗುತ್ತಿರಲಿಲ್ಲ. ಹೆಸರಿಲ್ಲದ ಯಾವನೋ ಒಬ್ಬ, ಅನಾಮಿಕ ಅಂತಲೇ, ಕಾದು ಕೂತವನಂತೆ ಬಂದು ಒಡೆದು, ಕೆಳಗೆ ಒಂದೆರಡು ಸಾಲು ಗೀಚಿ ಹೋಗುತ್ತಿದ್ದ. ಅನಾಮಿಕರೆಂದರೆ ನನಗೆ ಮೈಯೆಲ್ಲ ಉರಿ. ಹೆಸರಿಲ್ಲದೆ ಬಂದು ಹೆಂಗಸರ ಬ್ಲಾಗಿನಲ್ಲಿ ಹೊಲಸು ಕಕ್ಕುವವರ ಕಾಟ ಅಷ್ಟಿತ್ತು. ಹೆಸರಿಲ್ಲದ ಮಾತನ್ನು ಓದದೆ ಗುಡಿಸಿ ಹಾಕಬೇಕೆಂದು ನಾವೊಂದಷ್ಟು ಹೆಂಗಸರು ಕಟ್ಟು ಮಾಡಿಕೊಂಡೆವು. ವನಜೇಚ್ಚಿ ಒಪ್ಪಲಿಲ್ಲ.

"ಕೋಲಾಯಕ್ಕೆ ಬಂದೋರಿಗೆ ಹೆಸರು ಕೇಳಿ ಮಣೆ ಹಾಕ್ತೀವಾ ನಾವು?" ಎಂದಳು.

ನನಗೆ ವರ್ಷಗಟ್ಟಲೆ ತಡವಾಗಿ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಆ ಅನಾಮಿಕ ಪವಿತ್ರೇಟ್ಟನೇ. ಹೋಟೆಲಿನ ಗಲ್ಲಾದ ಮೇಲಿದ್ದ ಕಂಪ್ಯೂಟರಿನಲ್ಲಿ, ಮಾಲೀಕ ನಮಾಜಿಗೆ ಹೋದಾಗ, ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರಂತೆ. ಫೋನು ಬರುತ್ತಿದ್ದದ್ದು ಶುಕ್ರವಾರ. ಅಮ್ಮ, ನಾದಿನಿ, ನಾದಿನಿಯ ಮಕ್ಕಳು, ಎಲ್ಲರ ಕೈ ದಾಟಿ ಹೆಂಡತಿಯ ಕೈಗೆ ಬರುವಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿದಿರುತ್ತಿತ್ತು. ಹಾಗಾಗಿ ಇಬ್ಬರೂ ಊರೆಲ್ಲ ಓದುವ ಜಾಗದಲ್ಲಿ, ಯಾರಿಗೂ ಗೊತ್ತಾಗದಂತೆ ಸಂಸಾರ ಮಾಡಿದರು. ಎರಡು ಸಾವಿರದ ಹದಿಮೂರರಲ್ಲಿ ಪವಿತ್ರೇಟ್ಟ ಒಲೆಯ ಮುಂದೆಯೇ ಕುಸಿದರು, ಪೆಟ್ಟಿಗೆಯಲ್ಲಿ ಮನೆಗೆ ಬಂದರು. ಕೆಲವು ತಿಂಗಳ ಮೇಲೆ ವನಜೇಚ್ಚಿ ಮತ್ತೆ ಬರೆಯತೊಡಗಿದಾಗ ಕಾಯಿ ಒಡೆಯುವವನಿಲ್ಲ. ಗಣಿತದ ಟೀಚರು ನಾನು. ಎರಡಕ್ಕೆ ಎರಡು ಕೂಡಿಸಲು ಆಗಲಿಲ್ಲ. ಪೀಡೆ ತೊಲಗಿತು ಅಂದುಕೊಂಡೆ.

ಮಿಕ್ಕವರೆಲ್ಲ ಬ್ಲಾಗಿಗೆ ಬೀಗ ಹಾಕಿ ಫೇಸ್‌ಬುಕ್ಕಿಗೆ ಗುಳೆ ಹೋದರು. ವನಜೇಚ್ಚಿ ಹೋಗಲಿಲ್ಲ. ತಳಿಪರಂಬದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಂಸುದ್ದೀನ್, ಅವನೂ ನಮ್ಮ ಕಾಲದ ಬ್ಲಾಗಿನವನೇ, ಹಳೆಯ ಬ್ಲಾಗನ್ನು ಅಳಿಸಿ ಕೋಲಾಯವನ್ನು ಸ್ವಂತ ವಿಳಾಸದ ತಾಣವಾಗಿ ಮಾಡಿಕೊಟ್ಟಿದ್ದ. ಅವಳು ದಿನಾ ಬೆಳಿಗ್ಗೆ ಚಾ ಕುಡಿಯುತ್ತ ಅದನ್ನು ತೆರೆದು ಕೂರುತ್ತಿದ್ದಳು. ಇವಳಿಗೆ ತನ್ನ ಬರಹವನ್ನೇ ಓದುವ ಚಟ ಎಂದು ನಾನು ಚುಡಾಯಿಸುತ್ತಿದ್ದೆ.

ಹೋದ ವರ್ಷ ಓಣಂ ಮುಗಿದ ವಾರ ತಾಣದ ನೆತ್ತಿಯ ಮೇಲೆ ಕೆಂಪು ಅಕ್ಷರ ಬಂತು: ತಂತ್ರಾಂಶ ಹಳೆಯದಾಗಿದೆ, ಹೊಸದು ಹಾಕಿಕೊಳ್ಳಿ. ವನಜೇಚ್ಚಿ ನನ್ನನ್ನು ಕರೆದಳು.

"ಒತ್ತಲೇನೇ?"

"ಒತ್ತು. ಬಾಂಬೇನಲ್ಲ."

ಒತ್ತಿದಳು. ಅರ್ಧಕ್ಕೆ ನಿಂತಿತು. ಆಮೇಲೆ ಏನು ಮಾಡಿದರೂ ಬರೀ ಬಿಳಿ ಪುಟ. ವನಜೇಚ್ಚಿ ಆ ಬಿಳಿ ಪುಟದ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒರೆಸಿದಳು. ನೋಡಿ ನನಗೆ ನಗು ಬಂತು, ದೇವರೇ, ನಗು ಬಂತು.

ಮಾರನೇ ದಿನ ಶಂಸು ಬಂದ. ಹೊಸ ತಂತ್ರಾಂಶ ಅರ್ಧಂಬರ್ಧ ಕೂತು ಅಲ್ಲಿದ್ದದ್ದನ್ನೆಲ್ಲ ಹಾಳು ಮಾಡಿತ್ತು. ಆದರೆ ಮೂರು ತಿಂಗಳ ಹಿಂದಿನ ಒಂದು ನಕಲು ಅವನ ಹಳೇ ಡಿಸ್ಕಿನಲ್ಲಿತ್ತು. ವನಜೇಚ್ಚಿಗೆ ಹೋದ ಜೀವ ಬಂದ ಹಾಗಾಯಿತು. "ಊಟ ಮಾಡ್ದೆ ಹೋದ್ರೆ ಕಾಲು ಮುರೀತೀನಿ," ಎಂದು ಶಂಸುವಿಗೆ ಹೇಳಿ ಬಂಗುಡೆ ಹುರಿಯಲು ಒಳಗೆ ಹೋದಳು.

ಮನೆಯ ಕೋಲಾಯದಲ್ಲಿ ನಾನು, ಶಂಸು ಮತ್ತು ಅವನ ಲ್ಯಾಪ್‌ಟಾಪು. ಆ ನಕಲನ್ನು ಎರಡು ಸಲ ತಾಣಕ್ಕೆ ಏರಿಸಿದ, ಎರಡು ಸಲವೂ ಅರ್ಧದಲ್ಲೇ ನಿಂತಿತು.

"ಟೀಚರೇ, ಬರಹ ಮುನ್ನೂರ ಚಿಲ್ರೆ. ಅಭಿಪ್ರಾಯ ಅಂತ ಇರೋದು ನಲವತ್ತು ಸಾವಿರ! ಔಷಧಿ ಜಾಹೀರಾತು, ಜೂಜು, ಎಲ್ಲಾ ಕಸ. ಇದು ಹೊರೋಕಾಗ್ದೇ ಬೀಳ್ತಿದೆ. ಜರಡಿ ಹಿಡೀಬೇಕು."

"ಕಸ ಹಾಕಿರೋರು ಯಾರು?"

"ಎಲ್ಲ ಅನಾಮಿಕರೇ."

"ಮತ್ತೇನು ನೋಡ್ತೀಯ? ಅನಾಮಿಕರು ಅಷ್ಟೂ ಹೋಗ್ಲಿ. ಹೆಸರಿರೋರು ಉಳೀಲಿ."

ಅವನು ಅನುಮಾನಿಸಿದ. ಅದನ್ನಿಲ್ಲಿ ಹೇಳಲೇಬೇಕು, ತಪ್ಪು ಅವನದಲ್ಲ. "ವನಜೇಚ್ಚಿನ್ನ ಒಂದ್ಮಾತು ಕೇಳೋಣ್ವಾ?"

"ಅವಳು ಮೀನಿನ ಮುಂದಿದ್ದಾಳೆ. ಅವಳಿಗಿದೆಲ್ಲ ಏನು ತಿಳಿಯುತ್ತೆ? ನಾನು ಹೇಳ್ತಿದ್ದೀನಲ್ಲ."

"ಡಿಸ್ಕು ತುಂಬಿದೆ. ಜರಡಿ ಹಿಡಿದದ್ದನ್ನ ಹಳೇದರ ಮೇಲೇ ಉಳಿಸ್ಲಾ?"

"ಹೂಂ."

ಆತುರಗಾರರಿಗೆ ಬುದ್ಧಿ ಮಟ್ಟ ಎಂದು ಮೂವತ್ತು ವರ್ಷ ಮಕ್ಕಳಿಗೆ ಬೈದ ಬಾಯಿ ಇದು. ಅಡುಗೆಮನೆಗೆ ಹನ್ನೆರಡು ಹೆಜ್ಜೆ. ಎದ್ದು ಹೋಗಿ ಕೇಳಲಿಲ್ಲ.

ಈ ಸಲ ತಾಣ ಸಲೀಸಾಗಿ ಎದ್ದು ಕೂತಿತು. ಬರಹಗಳು, ಪಟಗಳು ಎಲ್ಲವೂ ಇದ್ದ ಹಾಗೇ. "ಬಾ ವನಜೇಚ್ಚೀ, ನಿನ್ನ ಕೋಲಾಯ ಬಂತು!" ಎಂದು ಕೂಗಿದೆ. ಸೆರಗಿಗೆ ಕೈ ಒರೆಸುತ್ತ ಬಂದಳು. ಬರಹ ನೋಡಲೇ ಇಲ್ಲ, ಸೀದಾ ಪುಟದ ಕೆಳಕ್ಕೆ ಹೋದಳು. ಇನ್ನೊಂದು ಪುಟ ತೆರೆದಳು, ಮತ್ತೆ ಕೆಳಕ್ಕೆ. ಮತ್ತೊಂದು.

"ಇಲ್ಲೊಬ್ರು ಕಾಯಿ ಒಡೀತಿದ್ರಲ್ಲ. ಅದೆಲ್ಲಿ ಶಂಸೂ?"

ಶಂಸು ನನ್ನ ಮುಖ ನೋಡಿದ. "ಆ ಅನಾಮಿಕನಾ?" ಅಂದೆ ನಾನು. "ಕಸದ ಜತೆ ಗುಡಿಸಿ ಹಾಕಿಸ್ದೆ. ಇನ್ಮೇಲೆ ನಿನ್ನ ಜಗಲಿ ಚೊಕ್ಕಟ!"

ವನಜೇಚ್ಚಿ ಕೂಗಾಡಲಿಲ್ಲ. ನೆಲದ ಮೇಲೆ ಕೂತಳು. "ಅವರು ನಮ್ಮ ಪವಿತ್ರೇಟ್ಟ ಕಣೇ," ಎಂದಳು. ಒಳಗೆ ಬಂಗುಡೆ ಸೀದ ವಾಸನೆ ಬರುತ್ತಿತ್ತು, ಯಾರೂ ಏಳಲಿಲ್ಲ.

ಶಂಸು ಡಿಸ್ಕನ್ನು ಕೊಚ್ಚಿ ನಗರದ ಪರಿಣತರ ಹತ್ತಿರ ಹೊತ್ತುಕೊಂಡು ಹೋಗಿ ಬಂದ. ಒಂದಕ್ಷರ ಏಳಲಿಲ್ಲ. ಹಳೆಯ ತಾಣಗಳ ಪಟ ತೆಗೆದಿಟ್ಟುಕೊಳ್ಳುವ ಅಂತರ್ಜಾಲದ ಉಗ್ರಾಣ ಒಂದಿದೆ, ಅದನ್ನೂ ಜಾಲಾಡಿದ. ಅಲ್ಲಿ ಕೋಲಾಯದ ಪುಟಗಳಿದ್ದವು. ಪ್ರತಿ ಬರಹದ ಕೆಳಗೆ 'ಅಭಿಪ್ರಾಯಗಳು ೧೪', 'ಅಭಿಪ್ರಾಯಗಳು ೨೨' ಎಂಬ ಲೆಕ್ಕ ಮಾತ್ರ ಇತ್ತು. ಒತ್ತಿದರೆ ಒಳಗೇನೂ ಇಲ್ಲ.

"ಅವರು ಬರೆದದ್ದು ನಿನಗೆ ಬಾಯಿಪಾಠ ಬರುತ್ತಾ?" ಎಂದು ಕೇಳಿದೆ. "ಬರದೇ ಏನು? ದಿನಾ ಓದಿದ್ದೀನಿ," ಎಂದಳು. ಸರಿ, ಅವಳು ಹೇಳುವುದು, ನಾನು ಬರೆದುಕೊಳ್ಳುವುದು ಎಂದಾಯಿತು. ಗುರುತು ಸಿಗಬಾರದೆಂದು ಹೆಂಡತಿಗೆ ನೀವು, ತಾವು ಎಂದು ಬರೆದಿದ್ದರು ಪುಣ್ಯಾತ್ಮ. 'ಠೇ! ಸಾರಿಗೆ ಹುಳಿ ಮುಂಚೆ ಹಾಕಬೇಡಿ, ಮೀನು ಬೆಂದ ಮೇಲೆ ಹಾಕಿ.' 'ಠೇ! ಇಲ್ಲಿ ಬಿಸಿಗಾಳಿ. ತಾವು ಬಾವಿಯ ಬಗ್ಗೆ ಬರೆದದ್ದು ಓದಿ ತಣ್ಣಗಾಯಿತು.' 'ಠೇ! ಈ ಜಗಲಿಯಲ್ಲಿ ಒಬ್ಬರ ಕೊರತೆಯಿದೆ. ವಿಷು ಹಬ್ಬಕ್ಕೆ ತುಂಬಬಹುದು.' ರಜೆ ಸಿಕ್ಕಿತೆಂದು ಅತ್ತೆಗಿಂತ ಮೊದಲು ಅವಳಿಗೆ ತಿಳಿದದ್ದು ಹಾಗೆ. ಹೇಳುವಾಗ ಕೆನ್ನೆ ಕೆಂಪಾಗುತ್ತಿತ್ತು, ಅರವತ್ತಮೂರು ವರ್ಷದ ಹೆಂಗಸಿಗೆ.

ನಾಲ್ಕನೇ ದಿನ, ಇಪ್ಪತ್ತಾರನೆಯದರ ನಡುವೆ ನಿಲ್ಲಿಸಿದಳು.

"ಸಾಕು ಶ್ಯಾಮಳಾ. ಇದು ಅವರು ಬರೆದಿದ್ದೋ, ಬರೆದಿದ್ರೆ ಚೆನ್ನಾಗಿತ್ತು ಅಂತ ನಾನೇ ಕಟ್ತಿರೋದೋ ಗೊತ್ತಾಗ್ತಿಲ್ಲ. ಅವರ ಬಾಯಿಗೆ ನನ್ನ ಮಾತು ತುರುಕಬಾರ್ದು."

ಬರೆದುಕೊಂಡದ್ದನ್ನೂ ತಾಣಕ್ಕೆ ಏರಿಸಲು ಬಿಡಲಿಲ್ಲ.

ಆ ಸಂಜೆ ನಾನೊಬ್ಬಳೇ ಹಳೆಯ ಪುಟಗಳನ್ನು ತಿರುವುತ್ತಿದ್ದಾಗ ಕಂಡಿತು. ನಾನು ಬರೆದ ಅಭಿಪ್ರಾಯಕ್ಕೆ ಹೆಸರಿತ್ತಲ್ಲ, ಜರಡಿಯಲ್ಲಿ ಉಳಿದಿತ್ತು. 'ಎಲವೋ ಹೆಸರಿಲ್ಲದವನೇ, ಇನ್ನೊಬ್ಬರ ಜಗಲಿಯಲ್ಲಿ ಬಿದ್ದುಕೊಳ್ಳಲು ನಾಚಿಕೆಯಾಗುವುದಿಲ್ಲವೇ? ನಿನಗೆ ಮನೆಮಠ ಇಲ್ಲವೇ? — ಶ್ಯಾಮಳ ಟೀಚರ್.' ಹೀಗೆ ಏಳು ಕಡೆ. ವನಜೇಚ್ಚಿಯ ಮನೆಗೆ ಓಡಿ, ಅವಳ ಮುಂದೆ ಕಂಪ್ಯೂಟರ್ ತೆರೆದು ತೋರಿಸಿದೆ.

"ಇದಕ್ಕೆ ಅವರೇನು ಬರೆದಿದ್ರು?" ಎಂದೆ.

"ಇದು ಸರಿಯಾಗಿ ನೆನಪಿದೆ. 'ಟೀಚರ್ ಮನ್ನಿಸಬೇಕು, ಮನೆ ಇದೆ, ದೂರ ಇದೆ' ಅಂತ."

ನಾನು ಅತ್ತುಬಿಟ್ಟೆ. ಅತ್ತು, ಏಳನ್ನೂ ಅಳಿಸುತ್ತೇನೆಂದು ಮೌಸಿಗೆ ಕೈ ಹಾಕಿದೆ. ವನಜೇಚ್ಚಿ ನನ್ನ ಮಣಿಕಟ್ಟು ಹಿಡಿದಳು. ಮಗ್ಗ ಎಳೆದ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

"ಮುಟ್ಬೇಡ. ಅವರು ಇಲ್ಲಿಗೆ ಬರ್ತಿದ್ರು ಅನ್ನೋಕೆ ಈಗ ನಿನ್ನ ಬೈಗುಳ ಒಂದೇ ಇರೋದು."