ಅಕ್ಕಿಯ ಮೇಲೆ ಬರೆದ ಹೆಸರು

ನನ್ನ ಗಂಡನಿಗೆ ಇಬ್ಬರು ಹೆಂಡತಿಯರಿದ್ದಾರೆ ಎಂಬ ಸಂಗತಿ ಅಬುಧಾಬಿ ಹತ್ತಿರದ ಬನಿಯಾಸ್‌ನ ಒಂದು ಟೈಪಿಂಗ್ ಸೆಂಟರಿನಲ್ಲಿ ಬಯಲಾಯಿತು. ಆಗ ಗಂಡ ನನ್ನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಆ ಇಬ್ಬರೂ ನಾನೇ ಎಂಬುದೊಂದೇ ಸಮಾಧಾನ.

(ಅಬುಧಾಬಿಗೆ ಹೋದವಳು ಎರಡು ವಾರ ಅಂಕಣಕ್ಕೆ ಚಕ್ಕರ್ ಹೊಡೆದಳಲ್ಲ ಎಂದು ನೀವು ಕೇಳಿದ್ದಿರಿ. ಕಾರಣ ಇದೇ. ಈಗ ಪೂರ್ತಿ ಕೇಳಿ.)

ಟೈಪಿಂಗ್ ಸೆಂಟರ್ ಎಂದರೆ ನಾವು ಹೈಸ್ಕೂಲ್ ಮುಗಿಸಿ ಬೆರಳು ನೋಯಿಸಿಕೊಳ್ಳಲು ಹೋಗುತ್ತಿದ್ದ ಜಾಗವಲ್ಲ. ಇಲ್ಲಿ ಸರಕಾರಿ ಅರ್ಜಿ ಅರಬ್ಬಿಯಲ್ಲಿರಬೇಕು. ಅರಬ್ಬಿ ಬಾರದ ನಮ್ಮಂಥವರ ಪರವಾಗಿ ಅದನ್ನು ತುಂಬಿಕೊಡುವ ಅಂಗಡಿ ಅದು. ನಮಗೆ ಸಿಕ್ಕವರು ಹಮೀದಾಕ. ಉಳ್ಳಾಲದ ಬ್ಯಾರಿ, ಇಲ್ಲಿಗೆ ಬಂದು ಇಪ್ಪತ್ತು ವರ್ಷ. ನಾವು ಕಾರ್ಕಳದವರು ಎಂದು ಗೊತ್ತಾದ ಕ್ಷಣವೇ ಚಹಾ ತರಿಸಿದರು. ನನ್ನ ಫ್ಯಾಮಿಲಿ ವೀಸಾದ ಅರ್ಜಿ ತುಂಬಲು ಕೂತರು. ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

"ಸುಧೀರಣ್ಣ, ಈ ಮ್ಯಾರೇಜ್ ಸರ್ಟಿಫಿಕೇಟಿನ ಹೆಂಗಸು ಊರಲ್ಲಿದ್ದಾರಾ?"

"ಇಲ್ಲೇ ಕೂತಿದ್ದಾಳಲ್ಲ," ಅಂದರು ಸುಧೀರ್.

"ಇವರು ಪಾಸ್‌ಪೋರ್ಟಿನವರು. ಇವರ ಹೆಸರು ಉಷಾ. ಸರ್ಟಿಫಿಕೇಟಲ್ಲಿ ಶಾಂತಿ ಅಂತ ಉಂಟು." ಸ್ವಲ್ಪ ದನಿ ತಗ್ಗಿಸಿದರು. "ತಪ್ಪು ತಿಳ್ಕೊಬೇಡಿ ಮಾರಾಯ್ರೆ. ಇಬ್ಬರಿದ್ರೆ ಎರಡು ಫಾರ್ಮ್ ಬೇಕಾಗ್ತದೆ, ಅದಕ್ಕೆ ಕೇಳಿದ್ದು."

ಉಷಾ ನಾನು. ಶಾಂತಿಯೂ ನಾನೇ.

ನಮ್ಮ ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಒಂದು ಶಾಸ್ತ್ರವಿದೆ. ತಟ್ಟೆಯ ತುಂಬ ಅಕ್ಕಿ ಹರಡಿ ಮದುಮಗನ ಕೈಗೆ ಉಂಗುರ ಕೊಡುತ್ತಾರೆ. ಅವನು ಆ ಉಂಗುರದಿಂದ ಅಕ್ಕಿಯ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಹೆಸರು ಆರಿಸುವುದು ಸಾಮಾನ್ಯವಾಗಿ ಅತ್ತೆ. ಈಗೀಗ ತುಂಬ ಮನೆಗಳಲ್ಲಿ ಇದು ಬರೀ ಫೋಟೋಕ್ಕೆ ಆಗುವ ಶಾಸ್ತ್ರ. ನಮ್ಮತ್ತೆಯ ಮನೆಯಲ್ಲಿ ಮಾತ್ರ ಫೋಟೋ ತೆಗೆದ ಮೇಲೂ ಹೆಸರು ಉಳಿಯುತ್ತದೆ. ನನಗೆ ಬಂದದ್ದು ಶಾಂತಿ. (ನನ್ನ ಮೂಗಿನ ತುದಿಯ ಸಿಟ್ಟು ಬಲ್ಲ ನನ್ನ ತಮ್ಮ ಮಂಟಪದಲ್ಲೇ ಕಿಸಕ್ಕನೆ ನಕ್ಕ. ಅವನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.)

ನನಗೇನೂ ಬೇಸರವಾಗಲಿಲ್ಲ, ನಿಜ ಹೇಳುತ್ತೇನೆ. ಅತ್ತೆ ಅಡುಗೆಮನೆಯಿಂದ "ಶಾಂತೀ" ಎಂದು ಕರೆಯುವಾಗ ಆ ದನಿಯಲ್ಲಿ ಬೆಲ್ಲ ಇರುತ್ತದೆ. ಶಾಲೆಯಲ್ಲಿ ನಾನು ಉಷಾ ಟೀಚರ್, ಗಣಿತ. ಮನೆಯಲ್ಲಿ ಶಾಂತಿ. ಎರಡೂ ಸುಖವಾಗಿ ನಡೆದಿತ್ತು.

ಹಾಗಾದರೆ ಸರ್ಟಿಫಿಕೇಟಿನಲ್ಲಿ ಶಾಂತಿ ಬಂದದ್ದು ಹೇಗೆ? ತಪ್ಪು ನನ್ನದೇ. ಮದುವೆ ನೋಂದಣಿ ಮಾಡಿಸಿದ್ದು ಸುಧೀರ್ ರಜೆಯಲ್ಲಿ ಬಂದಿದ್ದಾಗ. ಅರ್ಜಿ ತುಂಬಿದವರು ಮಾವ. ಶಾಂತಿ ಬಿಟ್ಟು ನನಗೆ ಬೇರೆ ಹೆಸರಿದೆ ಎಂಬುದು ಅವರಿಗೆ ಹೊಳೆಯುವುದಾದರೂ ಹೇಗೆ? ಮಾವ ತೋರಿಸಿದ ಕಡೆಯಲ್ಲೆಲ್ಲ ನಾನು ಓದದೆ ಸಹಿ ಹಾಕಿದೆ. ಅದೂ ಶಾಂತಿ ಎಂದೇ ಹಾಕಿದೆ. ಹೊಸ ಸೊಸೆ, ಮಾವನೆದುರು ಕಾಗದ ಹಿಡಿದು ಓದುತ್ತಾ ನಿಂತರೆ ಚೆನ್ನಾಗಿರುತ್ತದೆಯೇ? 'ಉತ್ತರ ಬರೆದ ಮೇಲೆ ಒಮ್ಮೆ ತಾಳೆ ನೋಡಿ' ಎಂದು ಆರು ವರ್ಷ ಮಕ್ಕಳ ತಲೆ ತಿಂದವಳು ನಾನು.

ಆ ಸರ್ಟಿಫಿಕೇಟು ಆಮೇಲೆ ಬೆಂಗಳೂರು, ದೆಹಲಿ ಸುತ್ತಿ, ಬೆನ್ನ ತುಂಬ ಮೊಹರು ಒತ್ತಿಸಿಕೊಂಡು ಬಂತು. ಇಷ್ಟು ಜನ ಮೊಹರು ಒತ್ತಿದ್ದು ಯಾರ ಮದುವೆಗೆ? ಶಾಂತಿಯ ಮದುವೆಗೆ. ಪಾಸ್‌ಪೋರ್ಟ್ ಹಿಡಿದು ವಿಮಾನ ಇಳಿದವಳು ಉಷಾ. ಕಾಗದದ ಪ್ರಕಾರ ನಾನು ಪರಪುರುಷನ ಜತೆ ಬನಿಯಾಸ್‌ನಲ್ಲಿ ಸಂಸಾರ ಹೂಡಿದ್ದೆ.

ಸುಧೀರ್ ಹೆದರಲಿಲ್ಲ. "ಹೋಗಿ ಎಕ್ಸ್‌ಪ್ಲೇನ್ ಮಾಡೋಣ. ಅಡ್ಜಸ್ಟ್ ಆಗ್ತದೆ," ಅಂದರು. ಊರಿನ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ?

ವೀಸಾ ಕಚೇರಿಯ ಹೆಂಗಸರ ಕೌಂಟರಿನಲ್ಲಿ ಕಪ್ಪು ಅಬಾಯಾ ತೊಟ್ಟ, ಈ ದೇಶದವಳೇ ಆದ ಅಧಿಕಾರಿ. ನನ್ನದೇ ವಯಸ್ಸು. ಸುಧೀರ್ ಹಿಂದೆ ನಿಂತರು. ನಾನು ನನ್ನ ಟೀಚರ್ ಇಂಗ್ಲಿಷಿನಲ್ಲಿ ಅಕ್ಕಿ, ತಟ್ಟೆ, ಉಂಗುರ ಎಲ್ಲವನ್ನೂ ವಿವರಿಸಿದೆ. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಬೇಜಾರಿನಿಂದಲ್ಲ, ಕಥೆ ಕೇಳುವವರಂತೆ.

"ಉಷಾ ಯಾರು ಇಟ್ಟ ಹೆಸರು?" ಎಂದು ಕೇಳಿದಳು.

"ಅಪ್ಪ."

"ಅಪ್ಪನಿಗೂ ನಿನಗೂ ಜಗಳವೇ?"

"ಇಲ್ಲವಲ್ಲ."

"ಮತ್ತೆ ಯಾಕೆ ತೆಗೆದರು?" ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ತನ್ನ ಎದೆಯ ಮೇಲಿದ್ದ ಬ್ಯಾಡ್ಜು ಮುಟ್ಟಿ ತೋರಿಸಿದಳು. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು. ಮದುವೆಯಾಗಿದೆ, ಮೂರು ಮಕ್ಕಳಿವೆ, ಒಂದಕ್ಷರ ಬದಲಾಗಿಲ್ಲ. ಗಂಡನ ಹೆಸರು ಗಂಡನ ಹತ್ತಿರವೇ ಇದೆಯಂತೆ.

ಇಲ್ಲಿನ ಹೆಂಗಸರ ಬಗ್ಗೆ ಊರಿನಲ್ಲಿ ನಾವು ಏನೇನು ಮಾತಾಡುತ್ತೇವೆ! ಅಬಾಯಾ ನೋಡಿ ಅಯ್ಯೋ ಪಾಪ ಅನ್ನುತ್ತೇವೆ. ಅವತ್ತು ಆ ಕೌಂಟರಿನಲ್ಲಿ ಅಯ್ಯೋ ಪಾಪ ಅನ್ನಿಸಿಕೊಂಡವಳು ನಾನು. ನನಗೆ ಒಳಗೊಳಗೇ ನಾಚಿಕೆಯಾಯಿತು.

ಅವಳು ಎರಡೂ ಕಾಗದ ಜೋಡಿಸಿ ಮೆಲ್ಲಗೆ ನನ್ನ ಕಡೆ ಸರಿಸಿದಳು. "ಹಬೀಬ್ತಿ, ನನ್ನ ಚಿನ್ನ, ಒಂದು ಹೆಸರು ತೆಗೆದುಕೊಂಡು ಬಾ. ಯಾವುದಾದರೂ ಸರಿ. ವೀಸಾ ಕೊಡುತ್ತೇನೆ."

ಯಾವುದಾದರೂ ಸರಿ. ಅಲ್ಲೇ ಇತ್ತು ತೊಡಕು.

ಹಮೀದಾಕ ದಾರಿ ಬಿಡಿಸಿ ಹೇಳಿದರು. "ಎರಡು ಉಪಾಯ ಉಂಟು. ಪಾಸ್‌ಪೋರ್ಟಲ್ಲಿ ಶಾಂತಿ ಮಾಡಿಸಿದ್ರೆ ಕೆಲಸ ಇಲ್ಲೇ ನಮ್ಮ ಎಂಬಸಿಯಲ್ಲಿ ಆಗ್ತದೆ. ಸುಲಭ. ಸರ್ಟಿಫಿಕೇಟಲ್ಲಿ ಉಷಾ ಮಾಡಿಸ್ಬೇಕಾದ್ರೆ ಊರಲ್ಲಿ ತಿದ್ದಿಸ್ಬೇಕು, ಮೊಹರೆಲ್ಲ ಮತ್ತೆ ಒತ್ತಿಸ್ಬೇಕು. ಲೇಟಾಗ್ತದೆ. ನಿಮ್ಮ ವಿಸಿಟ್ ವೀಸಾ ಎಷ್ಟು ದಿನ ಉಂಟು?"

ನಲವತ್ತೆಂಟು ದಿನ ಇತ್ತು. ಅಷ್ಟರೊಳಗೆ ಆಗದಿದ್ದರೆ ನಾನು ಊರಿಗೆ ವಾಪಸ್.

ನಿಮಗೆ ಒಂದು ಮಾತು ಹೇಳಬೇಕು. ಮದುವೆಯಾಗಿ ಮೂರು ವರ್ಷ. ಅದರಲ್ಲಿ ನಾವು ಒಟ್ಟಿಗೆ ಇದ್ದದ್ದು ಸುಧೀರ್ ಅವರ ಮೂರು ರಜೆ. ಉಳಿದ ದಿನವೆಲ್ಲ ಅವರು ಮುಸಫಾದಲ್ಲಿ ಕಂಪನಿ ಕೊಟ್ಟ ಕೋಣೆಯಲ್ಲಿ, ಆರು ಜನರ ಜತೆ, ಮೇಲಿನ ಮಂಚದಲ್ಲಿ. ಈಗ ಬನಿಯಾಸ್‌ನಲ್ಲಿ ಒಂದು ವಿಲ್ಲಾದ ಹಿಂಬದಿಯ ಒಂದೇ ಕೋಣೆಯ ಮನೆ. ನಾನು ಬರುವ ಮೊದಲೇ ಕುಕ್ಕರ್, ದೋಸೆ ಕಾವಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡ್ ತಂದಿಟ್ಟಿದ್ದರು. ಕಿಟಕಿಗೆ ಪರದೆಯನ್ನೂ ಅವರೇ ಹಾಕಿದ್ದರು, ತಲೆಕೆಳಗಾಗಿ. ಆ ಪರದೆ ನೋಡಿದ ದಿನ ನಾನು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಮತ್ತೆ ಮೂರು ಮತ್ತೊಂದು ವರ್ಷ ಫೋನಿನಲ್ಲಿ ಸಂಸಾರ ಮಾಡುವುದು ನನ್ನಿಂದ ಆಗುವ ಮಾತಲ್ಲ.

ಆದ್ದರಿಂದ ಸುಧೀರ್ ಸುಲಭದ ದಾರಿ ಹಿಡಿದದ್ದರಲ್ಲಿ ತಪ್ಪಿಲ್ಲ. "ಪಾಸ್‌ಪೋರ್ಟ್ ಬದಲಿಸಿದ್ರಾಯ್ತು ಶಾಂತಿ. ಹೇಗೂ ನಾವೆಲ್ಲ ಹಾಗೇ ಕರೆಯೋದಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. "ನೀವೆಲ್ಲ ಅಂದರೆ ಎಷ್ಟು ಜನ? ಐದು ಜನ. ನನ್ನ ಬಿ.ಎಸ್ಸಿ. ಸರ್ಟಿಫಿಕೇಟಿನಲ್ಲಿ ಉಷಾ. ಬಿ.ಎಡ್‌ನಲ್ಲಿ ಉಷಾ. ನಾಳೆ ಇಲ್ಲಿನ ಶಾಲೆಗೆ ಕೆಲಸ ಕೇಳಿಕೊಂಡು ಹೋದರೆ ಶಾಂತಿ ಎಲ್ಲಿ ಓದಿದ್ದಾಳೆ ಎಂದು ಕೇಳುತ್ತಾರೆ. ಏನು ಹೇಳಲಿ? ಅವಳು ಒಂದನೇ ಕ್ಲಾಸೂ ಪಾಸಾಗಿಲ್ಲ."

ಅವರು ಕಾಗದಗಳನ್ನು ಮಡಚಿ ಫೈಲಿಗೆ ಸೇರಿಸಿದರು. ಆಮೇಲೆ ಮೆಲ್ಲಗೆ, "ಅಮ್ಮನಿಗೆ ಹೇಳೋರು ಯಾರು?" ಅಂದರು.

ಹೌದು, ಅದೇ ದೊಡ್ಡ ಪ್ರಶ್ನೆ. ನೀವು ಪ್ರೀತಿಯಿಂದ ಇಟ್ಟ ಹೆಸರನ್ನು ಕಚೇರಿಗೆ ಹೋಗಿ ಹೊಡೆದುಹಾಕಿಸಿ ಬನ್ನಿ ಎಂದು ಅತ್ತೆಗೆ ಹೇಳುವುದು ಹೇಗೆ? ಕೆಟ್ಟ ಅತ್ತೆಯಾಗಿದ್ದರೆ ಕೆಲಸ ಸಲೀಸಾಗಿತ್ತು. ನಮ್ಮತ್ತೆ ನನ್ನ ಸೂಟ್‌ಕೇಸಿನಿಂದ ಸೀರೆ ತೆಗೆಸಿ ಹಪ್ಪಳ, ಕೊಕಂ ತುಂಬಿಸಿದವರು.

ಶುಕ್ರವಾರ ರಜೆ. ಕಾಲಿಂಗ್ ಕಾರ್ಡ್ ಗೀರಿ ನಂಬರ್ ಒತ್ತಿದೆವು. ಸುಧೀರ್ ಎರಡು ಸಲ ಗಂಟಲು ಸರಿಮಾಡಿಕೊಂಡು ಫೋನನ್ನು ನನ್ನ ಕೈಗೇ ಕೊಟ್ಟರು. (ಗಂಡು ಮಕ್ಕಳ ಪರಾಕ್ರಮ ನಿಮಗೆ ಗೊತ್ತೇ ಇದೆ.) ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕೊನೆಗೆ, "ಮಾಯಿ, ನಿಮಗೆ ಬೇಡ ಅಂದ್ರೆ ಪಾಸ್‌ಪೋರ್ಟ್ ಬದಲಿಸ್ತೇನೆ," ಎಂದೂ ಸೇರಿಸಿದೆ. ಅತ್ತೆಗೆ ನಾವು ಮಾಯಿ ಅನ್ನುವುದು.

ಆ ಕಡೆ ಅತ್ತೆ ಒಲೆ ಆರಿಸಿದ ಸದ್ದು ಕೇಳಿಸಿತು.

"ನೀನು ಓದಿದ್ದೆಲ್ಲ ಉಷಾ ಅಂತಲೇ ಇರೋದಾ?" ಎಂದು ಕೇಳಿದರು.

"ಹೌದು ಮಾಯಿ."

"ಹಾಗಾದ್ರೆ ಪಾಸ್‌ಪೋರ್ಟ್ ಮುಟ್ಟಬೇಡ. ಹೆಸರಿಟ್ಟದ್ದು ನಾನು, ತಿದ್ದಿಸೋದೂ ನಾನೇ. ನಿನ್ನ ಮಾವನವರನ್ನು ಒಬ್ಬರನ್ನೇ ಕಳಿಸಿದ್ರೆ ಆಗೋದಿಲ್ಲ. ಕಚೇರಿ ಅಂದ್ರೆ ಅವರಿಗೆ ಬಾಯಿ ಕಟ್ತದೆ. ಸೋಮವಾರ ನಾನೂ ಹೋಗ್ತೇನೆ."

ಹೋದರು. ಒಂದು ಸಲವಲ್ಲ, ಐದು ಸಲ. ನಾನು ಇಲ್ಲಿಂದ ಸಹಿ ಹಾಕಿದ ಕಾಗದ ಕೊರಿಯರ್ ಮಾಡಿದೆ, ಈ ಸಲ ಎರಡೆರಡು ಬಾರಿ ಓದಿ. ಮದುವೆ ಕಂಡ ಹಿರಿಯರ ಹೇಳಿಕೆ ಬೇಕೆಂದರಂತೆ. ಬಿಸಿಲಿಗೆ ಬಸ್ ಹತ್ತದ ಅತ್ತೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸು ಹಿಡಿದು ಕೂತಿದ್ದರಂತೆ. "ಮನೆಯಲ್ಲೆಲ್ಲ ಶಾಂತಿ ಅಂತ ಕರೀತೀರಲ್ಲ ಅಮ್ಮ," ಎಂದು ಗುಮಾಸ್ತರು ಕೇಳಿದ್ದಕ್ಕೆ, "ಕರೆಯೋದು ನಮ್ಮ ಪ್ರೀತಿಗೆ. ಗಣಿತದಲ್ಲಿ ತೊಂಬತ್ತಾರು ತೆಗೆದದ್ದು ಉಷಾ. ನೋಡಿ ಇಲ್ಲಿ," ಅಂದರಂತೆ. ಇದೆಲ್ಲ ಮಾವ ಹೇಳಿದ ವರದಿ. ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

ಈ ಕಡೆ ನಾನು ದಿನ ಎಣಿಸುತ್ತಿದ್ದೆ. ದೋಸೆಗೆ ನೆನೆಹಾಕುವಾಗಲೂ ಇದನ್ನು ತಿನ್ನಲು ನಾನು ಇಲ್ಲಿರುತ್ತೇನೆಯೋ ಇಲ್ಲವೋ ಎಂಬ ಯೋಚನೆ. ಸುಧೀರ್ ಗೋಡೆಗೆ ಮೊಳೆ ಹೊಡೆಯಲು ಹೊರಟರೆ ಬೇಡ ಎನ್ನುತ್ತಿದ್ದೆ. ಹಮೀದಾಕ ಕಂಡಾಗಲೆಲ್ಲ, "ಮಂಡೆ ಬೆಚ್ಚ ಮಾಡ್ಬೇಡಿ ಟೀಚರೆ, ಕಾಗದ ಬರ್ತದೆ," ಎನ್ನುತ್ತಿದ್ದರು. ಮಂಡೆ ಬೆಚ್ಚಗಾಗದೆ ಇರುತ್ತದೆಯೇ?

ವಿಸಿಟ್ ವೀಸಾ ಮುಗಿಯಲು ಐದು ದಿನ ಇರುವಾಗ ಸರ್ಟಿಫಿಕೇಟು ಬಂತು. ಬೆನ್ನ ತುಂಬ ಹೊಸ ಮೊಹರು. ಹಮೀದಾಕ ಎರಡೂ ಕಾಗದ ಅಕ್ಕಪಕ್ಕ ಇಟ್ಟು, "ಈಗ ಒಬ್ಬರೇ ಆದ್ರಿ," ಎಂದು ನಕ್ಕರು. ಕೌಂಟರಿನ ಆ ಹೆಂಗಸಿಗೆ ನನ್ನ ನೆನಪಿತ್ತು. "ಉಷಾ," ಎಂದು ನಿಧಾನವಾಗಿ ಓದಿ, "ಖಲಾಸ್, ಕೆಲಸ ಮುಗಿಯಿತು," ಎಂದಳು. ಪರದೇಶಕ್ಕೆ ಹೋದವರು ಕಳೆದುಹೋಗುತ್ತಾರೆ ಎನ್ನುತ್ತಾರಲ್ಲ, ನನಗೆ ಆದದ್ದು ತಿರುಗುಮುರುಗು. ನನಗೆ ಅಪ್ಪ ಇಟ್ಟ ಹೆಸರಿನ ಬೆಲೆ ತಿಳಿಯಲು ಸಮುದ್ರ ದಾಟಬೇಕಾಯಿತು.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಶುಕ್ರವಾರ ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆವು. ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟೆ. ಸುಧೀರ್ ದೋಸೆ ತಿನ್ನುತ್ತಿದ್ದರು. "ಮಾಯಿ, ನಿಮ್ಮ ಉಪಕಾರ ಮರೆಯೋದಿಲ್ಲ. ನೀವು ಶಾಂತಿ ಅಂತಲೇ ಕರೀರಿ, ನನಗೆ ಅದೂ ಬೇಕು," ಅಂದೆ.

"ಕರೀತೇನೆ, ಬಿಡೋದುಂಟಾ?" ಅಂದರು. ಆಮೇಲೆ ತಾವಾಗಿಯೇ ಹೇಳಿದರು. "ನಾನು ಏಳನೇ ಕ್ಲಾಸು ನೋಡು. ನನ್ನ ಹೆಸರು ಹೋದಾಗ ತೋರಿಸಲಿಕ್ಕೆ ಒಂದು ಕಾಗದ ಇರಲಿಲ್ಲ. ಆಮೇಲಾಮೇಲೆ ನನ್ನ ಅಮ್ಮನೂ ಸರಸ್ವತಿ ಅಂತಲೇ ಕರೀತಿದ್ದಳು. ಹಳೇ ಹೆಸರು ಹಿಡಿದು ಕರೆಯೋರು ಈಗ ಯಾರೂ ಉಳಿದಿಲ್ಲ."

ಸುಧೀರ್ ಬಾಯಿಗೆ ಹೋಗುತ್ತಿದ್ದ ದೋಸೆ ತಟ್ಟೆಗೆ ಇಳಿಯಿತು. ಮೂವತ್ನಾಲ್ಕು ವರ್ಷದ ಮಗ. ಅವರ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಸರಸ್ವತಿ ಎಂದಿದೆ. ಅದಕ್ಕಿಂತ ಮೊದಲು ಏನಾದರೂ ಇದ್ದಿರಬಹುದು ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅವರು ಫೋನಿನ ಹತ್ತಿರಕ್ಕೆ ಬಗ್ಗಿ ಕೇಳಿದರು.

"ಅಮ್ಮಾ, ನಿನ್ನ ಹೆಸರೇನು?"

"ನೇತ್ರಾವತಿ," ಅಂದರು ಅತ್ತೆ. ಅಂದು, ಹೊಸ ಹುಡುಗಿಯ ಹಾಗೆ ನಾಚಿ ನಕ್ಕರು.

ಈಗ ನಿಮ್ಮ ಸರದಿ. ನಿಮ್ಮ ಅಮ್ಮನಿಗೆ ಅವಳ ಅಮ್ಮ ಇಟ್ಟ ಹೆಸರೇನೆಂದು ಕೇಳಿದ್ದೀರಾ?